ಮೀಟರ್ ತೂಗುವುದಿಲ್ಲ: ಟ್ಯಾಂಕ್ ಗ್ಯಾಸ್ ಇರುವ ಅಪಾರ್ಟ್‌ಮೆಂಟಿಗೆ ಹೋಗುವ ಮುನ್ನ

ಮನೆ ನೋಡಲು ಹೋದಾಗ, "ಸಿಲಿಂಡರಿನ ಕಿರಿಕಿರಿಯೇ ಇಲ್ಲ ಸರ್, ಹಿಂದೆ ದೊಡ್ಡ ಟ್ಯಾಂಕ್ ಇದೆ, ಒಲೆಗೂ ಗೀಸರಿಗೂ ಕೊಳವೆಯಲ್ಲೇ ಗ್ಯಾಸ್" ಎಂದು ಯಾರಾದರೂ ಹೇಳಿದರೆ, ಬಚ್ಚಲಮನೆಯ ಟೈಲ್ಸ್ ನೋಡುವ ಮೊದಲು ಆ ಗ್ಯಾಸಿನ ಹಳೆಯ ಬಿಲ್ಲೊಂದನ್ನು ತೋರಿಸಲು ಕೇಳಿ. ನಾನು ಕೇಳಲಿಲ್ಲ. ಇಪ್ಪತ್ತೆರಡು ವರ್ಷದಿಂದ ಲೆಕ್ಕಪತ್ರ ವಿಭಾಗದಲ್ಲಿ ಕುಳಿತು ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಮನೆಯ ಬಿಲ್ಲನ್ನು ಮಾತ್ರ ಎಂಟು ತಿಂಗಳು ಕಣ್ಣುಮುಚ್ಚಿ ಕಟ್ಟಿದೆ.

2024ರ ಜೂನ್‌ವರೆಗೆ ನಾವಿದ್ದದ್ದು ಬೆಳಗಾವಿಯ ಟಿಳಕವಾಡಿಯ ಹಳೆಯ ಬಾಡಿಗೆ ಮನೆಯಲ್ಲಿ. ಹಿತ್ತಿಲಲ್ಲಿ ತಾಮ್ರದ ಬಂಬ ಇತ್ತು. ಬೆಳಿಗ್ಗೆ ಐದಕ್ಕೆ ಅವ್ವ ಎದ್ದು ನಾಲ್ಕು ಕುಳ್ಳು, ಒಂದಿಷ್ಟು ತೊಗರಿಕಟ್ಟಿಗೆ ಹಾಕಿದರೆ ಐವರಿಗೂ ನೀರು ಕಾಯುತ್ತಿತ್ತು. ಅದರ ಜೊತೆ ಹೊಗೆಗೆ ಅವಳ ಕೆಮ್ಮೂ ಏಳುತ್ತಿತ್ತು. ಬೆಳಗಾವಿಯ ಚಳಿ ಬಲ್ಲವರಿಗೆ ಬಿಸಿನೀರು ಇಲ್ಲಿ ಶೋಕಿಯಲ್ಲ ಎಂದು ಹೇಳಬೇಕಾಗಿಲ್ಲ. ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ತಣ್ಣಗಿರುತ್ತದೆ, ದೀಪಾವಳಿ ಕಳೆದರೆ ಮತ್ತೆ ಸ್ವೆಟರ್. ಖಾನಾಪುರ ರಸ್ತೆಯ ಕಡೆ ಹೊಸ ಕಟ್ಟಡದಲ್ಲಿ ಮನೆ ಕೊಂಡಾಗ ಅವ್ವನ ಕೆಮ್ಮು ತಪ್ಪಿತು ಎನ್ನುವುದೇ ನಮಗೆ ದೊಡ್ಡ ಸಮಾಧಾನವಾಗಿತ್ತು. ಬಂಬವನ್ನು ಖಡೇಬಜಾರಿನ ಪಾತ್ರೆ ಅಂಗಡಿಗೆ ಒಯ್ದು ಕೊಟ್ಟೆ. ಆತ ತಳದ ಮಸಿಯನ್ನು ಕೆರೆದು ತೆಗೆದು, ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯಿಸಿ, "ನೀವೇ ನೋಡಿರಿ" ಎಂದು ತೋರಿಸಿಯೇ ದುಡ್ಡು ಎಣಿಸಿದ.

ಹೊಸ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಗೀಸರ್ ಟಕ್ ಟಕ್ ಎಂದು ಭಗ್ಗನೆ ಹತ್ತಿಕೊಳ್ಳುತ್ತಿತ್ತು. ಚಳಿಗಾಲ ಇನ್ನೂ ಬಾರದ ಕಾರಣ ಮೊದಮೊದಲ ಬಿಲ್ಲುಗಳು ಎರಡು ಸಾವಿರದ ಆಚೀಚೆ ಬಂದವು. ಡಿಸೆಂಬರಿನ ಬಿಲ್ಲು 3,856 ರೂಪಾಯಿ. ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, "ಇದರಲ್ಲಿ ನಾಲ್ಕು ಸಿಲಿಂಡರ್ ಬರುತ್ತಿದ್ದವು ನೋಡಿರಿ" ಎಂದಳು. ಅವಳ ಲೆಕ್ಕ ಹೆಚ್ಚು ತಪ್ಪಿರಲಿಲ್ಲ. ಮನೆಗೆ ಬರುವ 14.2 ಕಿಲೋ ಸಿಲಿಂಡರ್ ಆಗ ಎಂಟುನೂರು ಚಿಲ್ಲರೆ ಇತ್ತು. ಕಿಲೋಗೆ 60 ರೂಪಾಯಿ ಆಸುಪಾಸು ಬೀಳುತ್ತಿತ್ತು. ನಮಗೆ ಹಾಕುತ್ತಿದ್ದ ದರ ಕಿಲೋಗೆ 108 ರೂಪಾಯಿ. ಟ್ಯಾಂಕಿನ ಗ್ಯಾಸಿಗೆ ಮನೆ ಸಿಲಿಂಡರಿನ ದರ ಸಿಗುವುದಿಲ್ಲ, ಅದು ಹೋಟೆಲಿನವರು ಕೊಳ್ಳುವ 19 ಕಿಲೋ ಸಿಲಿಂಡರಿನ ದರದ ಬೆನ್ನು ಹತ್ತಿ ನಡೆಯುತ್ತದೆ ಎನ್ನುವುದನ್ನು ಮನೆ ಮಾರುವಾಗ ಯಾರೂ ಹೇಳಿರಲಿಲ್ಲ. ಇದು ಮೊದಲ ಪೆಟ್ಟು. ಆದರೆ ದರ ಬಿಲ್ಲಿನಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ಓದದೆ ಇದ್ದದ್ದು ನನ್ನ ತಪ್ಪು.

ಓದಿದರೂ ಅರ್ಥವಾಗದ್ದು ಕೆಳಗಿನ ಸಾಲಿನಲ್ಲಿತ್ತು. ಬಳಕೆ 13.2 ಘನ ಮೀಟರ್, ಗುಣಕ 2.6, ತೂಕ 34.32 ಕಿಲೋ, ದರ 108, ಸೇವಾ ಶುಲ್ಕ 150. ಬಾಲ್ಕನಿಯ ಮೀಟರ್ ತೂಗುವುದಿಲ್ಲ, ಎಷ್ಟು ಅನಿಲ ಹಾದುಹೋಯಿತು ಎಂಬ ಗಾತ್ರವನ್ನಷ್ಟೇ ಅಳೆಯುತ್ತದೆ. ಗಾತ್ರವನ್ನು ಕಿಲೋ ಮಾಡುವುದು ಬಿಲ್ಲು ಬರೆಯುವವನ ಗುಣಕ. ಆ 2.6 ಎಲ್ಲಿಂದ ಬಂತು?

ಕೆಳಗಿನ ಮಹಡಿಯಲ್ಲಿ ವಿಜಯಪುರದ ಕಡೆಯ ನಿವೃತ್ತ ಭೌತಶಾಸ್ತ್ರದ ಮಾಸ್ತರರಿದ್ದಾರೆ. ಫೆಬ್ರುವರಿಯ ಒಂದು ಸಂಜೆ ಬಿಲ್ಲು ಹಿಡಿದು ಅವರ ಮನೆಗೆ ಹೋದೆ. ಅವರು ಚಹಾ ಆರುವ ತನಕ ಬಿಲ್ಲನ್ನೇ ನೋಡಿ, ಅದರ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆಯತೊಡಗಿದರು. ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಬೆರಕೆ. ಸಮುದ್ರಮಟ್ಟದ ಒತ್ತಡದಲ್ಲಿ, ಹದವಾದ ಹವೆಯಲ್ಲಿ ಒಂದು ಘನ ಮೀಟರ್ ಪ್ರೊಪೇನ್ ಸುಮಾರು 1.9 ಕಿಲೋ ತೂಗುತ್ತದೆ, ಬ್ಯುಟೇನ್ ಸುಮಾರು 2.5. ಬೆರಕೆ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಬೆಳಗಾವಿಯಾದರೋ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಶೇಕಡಾ ಎಂಟರಷ್ಟು ಕಡಿಮೆ. ಮೀಟರಿನೊಳಗಿನ ಅನಿಲ ಹೊರಗಿನ ಗಾಳಿಗಿಂತ ಕೇವಲ 30 ಮಿಲಿಬಾರ್ ಹೆಚ್ಚು ಒತ್ತಡದಲ್ಲಿರುತ್ತದೆ. ಹೀಗಾಗಿ ಇಲ್ಲಿಯ ಒಂದು ಘನ ಮೀಟರಿನಲ್ಲಿ ಗ್ಯಾಸ್ ಇನ್ನಷ್ಟು ತೆಳು.

"ಟ್ಯಾಂಕಿನಲ್ಲಿ ಬರೀ ಬ್ಯುಟೇನ್ ತುಂಬಿದ್ದಾರೆ ಎಂದೇ ಇಟ್ಟುಕೊಳ್ಳಿರಿ. ಆದರೂ ನಮ್ಮ ಬಾಲ್ಕನಿಯಲ್ಲಿ 2.6 ಬರುವುದಿಲ್ಲ" ಎಂದರು ಮಾಸ್ತರರು. "2.1 ಬಂದರೆ ನ್ಯಾಯ."

ಇಲ್ಲಿ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಎಲ್ಲರೂ ನಾಳೆಯೇ ಜಗಳಕ್ಕೆ ನಿಂತೀರಿ. ಕೆಲವು ಕಟ್ಟಡಗಳಲ್ಲಿ ಒತ್ತಡ ಇಳಿಸುವ ರೆಗ್ಯುಲೇಟರ್ ಮೀಟರಿನ ನಂತರ ಇರುತ್ತದೆ. ಅಲ್ಲಿ ಮೀಟರಿನೊಳಗೆ ಒತ್ತಡ ಹೆಚ್ಚು, ಒಂದು ಘನ ಮೀಟರಿನಲ್ಲಿ ಕಿಲೋವೂ ಹೆಚ್ಚು. ಅಲ್ಲಿ ದೊಡ್ಡ ಗುಣಕ ಹಾಕಿದರೆ ಅದು ಮೋಸವಲ್ಲ. ನಮ್ಮಲ್ಲಿ ರೆಗ್ಯುಲೇಟರ್ ಮೊದಲು, ಮೀಟರ್ ಆಮೇಲೆ. ಪ್ಲಂಬರನನ್ನು ಕರೆಸಿ ಅದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ನಾನು ಬಾಯಿ ತೆರೆದದ್ದು.

ಮರುದಿನ ಬೆಳಿಗ್ಗೆ ಟಾರ್ಚ್ ಹಿಡಿದು ಮೀಟರಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತೆ. ಕಪ್ಪು ಅಂಕಿಗಳು ಐದು, ಕೆಂಪು ಮೂರು. ಕೆಂಪಿನಲ್ಲಿ 412. ಒಲೆ ಹಚ್ಚಬೇಡಿರಿ ಎಂದು ಕೂಗಿ ಹೇಳಿ, ಇಪ್ಪತ್ತು ಲೀಟರಿನ ಬಕೆಟ್ ತುಂಬುವವರೆಗೆ ಗೀಸರ್ ಬಿಟ್ಟೆ. ಕೊನೆಯ ಕೆಂಪು ಅಂಕಿ ಉರುಳುತ್ತ ಉರುಳುತ್ತ 439ಕ್ಕೆ ನಿಂತಿತು. ಒಂದು ಬಕೆಟ್ ಸ್ನಾನದ ನೀರಿಗೆ 27 ಲೀಟರ್ ಅನಿಲ. ಮಾಸ್ತರರ ಲೆಕ್ಕದಲ್ಲಿ ಅದು 57 ಗ್ರಾಂ, ಆರು ರೂಪಾಯಿ. ಟ್ಯಾಂಕ್ ತುಂಬಿಸಿ ಬಿಲ್ಲು ಕಳಿಸುವ ಗ್ಯಾಸ್ ಕಂಪನಿಯ ಲೆಕ್ಕದಲ್ಲಿ 70 ಗ್ರಾಂ, ಏಳೂವರೆ ರೂಪಾಯಿ. ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಬಕೆಟ್. ಅದೇ ನೀರನ್ನು ವಿದ್ಯುತ್ ಗೀಸರಿನಲ್ಲಿ ಕಾಯಿಸಿದ್ದರೆ ಮುಕ್ಕಾಲು ಯೂನಿಟ್ ಸಹ ಬೇಕಾಗುವುದಿಲ್ಲ. ಹೆಸ್ಕಾಂ ದರದಲ್ಲಿ ನಾಲ್ಕು ರೂಪಾಯಿಯ ಮಾತು. ಗೃಹಜ್ಯೋತಿಯ 200 ಯೂನಿಟ್ ದಾಟಿಬಿಟ್ಟರೆ ಪೂರ್ತಿ ಬಿಲ್ಲು ತಲೆಗೆ ಬರುತ್ತದೆ ಎಂಬ ಅಂಜಿಕೆಯಿಂದಲೇ ನಮ್ಮ ಕಟ್ಟಡದ ಅರ್ಧ ಜನ ಗ್ಯಾಸ್ ಗೀಸರಿಗೆ ಅಂಟಿಕೊಂಡಿದ್ದರು. ಆ ಅಂಜಿಕೆ ಸುಳ್ಳಲ್ಲ, ಆದರೆ ಯಾರೂ ಕೂತು ಎರಡನ್ನೂ ಹೋಲಿಸಿ ನೋಡಿರಲಿಲ್ಲ.

ಇಷ್ಟಾದರೂ ಕಂಪನಿಯವರ ಮುಂದೆ ನಿಲ್ಲಲು ಪುಸ್ತಕದ ಲೆಕ್ಕ ಸಾಲದು. ಆಗ ಕೈಹಿಡಿದದ್ದು ಕಾವಲುಗಾರ ಕಾಕಾ. ಟ್ಯಾಂಕರ್ ಬಂದಾಗಲೆಲ್ಲ ಅವರಿಂದ ಸಹಿ ಹಾಕಿಸಿಕೊಂಡು ಚಲನಿನ ಹಳದಿ ಪ್ರತಿಯೊಂದನ್ನು ಬಿಟ್ಟುಹೋಗುತ್ತಿದ್ದರಂತೆ. ಯಾರೂ ಕೇಳದ ಆ ಚೀಟಿಗಳನ್ನು ಕಾಕಾ ಬಿಸ್ಕೀಟಿನ ಡಬ್ಬಿಯಲ್ಲಿ, ಬೀಡಿ ಕಟ್ಟಿನ ಕೆಳಗೆ, ಒಂದೂ ಕಳೆಯದಂತೆ ಇಟ್ಟಿದ್ದರು. ನವೆಂಬರಿನಿಂದ ಫೆಬ್ರುವರಿಯವರೆಗೆ ಐದು ಸಲ ಗ್ಯಾಸ್ ಬಂದಿತ್ತು: 480, 425, 450, 410, 385. ಒಟ್ಟು 2,150 ಕಿಲೋ. ಇನ್ನು 32 ಮನೆಗಳ ಬಿಲ್ಲು. ಬೀಗ ಹಾಕಿದ ಮೂರು ಮನೆ ಬಿಟ್ಟು ಉಳಿದ 29 ಮನೆಯವರಿಂದ ಅದೇ ನಾಲ್ಕು ತಿಂಗಳ ಬಿಲ್ಲಿನ ಫೋಟೊ ತರಿಸಿಕೊಂಡೆ; ಕೊಡಲು ಹಿಂಜರಿದವರ ಮನೆಗೆ ಮಾಸ್ತರರೇ ಹೋದರು. ಕೂಡಿಸಿದಾಗ ಬಂದದ್ದು 2,640 ಕಿಲೋ. ನವೆಂಬರಿನ ಮೊದಲ ದಿನವೂ ಫೆಬ್ರುವರಿಯ ಕೊನೆಯ ದಿನವೂ ಟ್ಯಾಂಕಿನ ಮುಳ್ಳು ಶೇಕಡಾ ಐವತ್ತೈದರ ಹತ್ತಿರವೇ ಇತ್ತು ಎಂದು ಕಾಕಾನ ದಿನಚರಿ ಪುಸ್ತಕದಲ್ಲಿದೆ, ಹೀಗಾಗಿ ಹಳೆಯ ದಾಸ್ತಾನಿನ ನೆಪವೂ ಇಲ್ಲ.

ಬಂದ ಗ್ಯಾಸಿಗಿಂತ 490 ಕಿಲೋ ಹೆಚ್ಚು ಮಾರಾಟವಾಗಿತ್ತು. 108ರಂತೆ 52,920 ರೂಪಾಯಿ, ನಾಲ್ಕೇ ತಿಂಗಳಲ್ಲಿ. ಒಟ್ಟು ಘನ ಮೀಟರಿನಿಂದ 2,150ನ್ನು ಭಾಗಿಸಿದರೆ ಗುಣಕ 2.12 ಬರುತ್ತದೆ. ಪೆನ್ಸಿಲಿನಲ್ಲಿ ಬರೆದದ್ದು ಇಷ್ಟು ಹತ್ತಿರ ಕೂತದ್ದನ್ನು ನೋಡಿ ಮಾಸ್ತರರು ಆ ಬಿಲ್ಲನ್ನು ಮಡಚಿ ತಮ್ಮ ಜೇಬಿಗೇ ಹಾಕಿಕೊಂಡರು, ನನಗೆ ವಾಪಸು ಕೊಡಲೇ ಇಲ್ಲ.

ಏಪ್ರಿಲಿನಲ್ಲಿ ಕಂಪನಿಯ ಪ್ರತಿನಿಧಿ ಬಂದ. ಮೊದಲು, "ಇದು ನಮ್ಮ ಎಲ್ಲ ಕಟ್ಟಡಗಳಲ್ಲೂ ಇರುವ ಗುಣಕ ಸರ್" ಎಂದ. ಚಲನುಗಳನ್ನು ಮೇಜಿನ ಮೇಲೆ ಹರಡಿದಾಗ, "ಮೇಲಿನವರನ್ನು ಕೇಳಿ ಹೇಳುತ್ತೇನೆ" ಎಂದ. ಕಂಪನಿ ಬದಲಿಸುತ್ತೇವೆ ಎಂದಾಗ ಮಾತ್ರ ಅವನ ಮುಖದಲ್ಲಿ ಕಳೆ ಬಂತು, ಏಕೆಂದರೆ ಅದಕ್ಕೆ ಉತ್ತರ ಚೀಲದಲ್ಲೇ ಇತ್ತು. 2022ರಲ್ಲಿ, ನಮ್ಮಲ್ಲಿ ಒಬ್ಬರೂ ಇನ್ನೂ ಮನೆ ಕೊಳ್ಳುವ ಮೊದಲೇ, ಬಿಲ್ಡರ್ ಹತ್ತು ವರ್ಷದ ಕರಾರಿಗೆ ಸಹಿ ಹಾಕಿದ್ದಾನೆ. ಟ್ಯಾಂಕ್ ಅವರದು, ಕೊಳವೆ ಅವರದು, ಮೀಟರ್ ಅವರದು. ಬೇರೆಯವರಿಂದ ಗ್ಯಾಸ್ ತುಂಬಿಸುವಂತಿಲ್ಲ. ನಡುವೆ ಬಿಟ್ಟರೆ ಉಳಿದ ವರ್ಷಗಳ ಲೆಕ್ಕದಲ್ಲಿ ಸಾಮಾನಿನ ಬೆಲೆ ಕಟ್ಟಿಕೊಡಬೇಕು. ಇನ್ನೊಂದು ಕಂಪನಿಯವರನ್ನು ವಿಚಾರಿಸಿದ್ದೆವು. ಅವರು ನಯವಾಗಿ, "ಬೇರೆಯವರ ಟ್ಯಾಂಕಿಗೆ ನಾವು ಕೈ ಹಾಕುವುದಿಲ್ಲ" ಎಂದು ಫೋನ್ ಇಟ್ಟರು.

ಇದು ನಮ್ಮೂರಿನ ಹಣೆಬರಹ ಮಾತ್ರ ಅಲ್ಲ. ಮಾಸ್ತರರ ಮಗಳು ಇಂಗ್ಲೆಂಡಿನ ಹಳ್ಳಿಯೊಂದರಲ್ಲಿದ್ದಾಳೆ. ಕೊಳವೆ ಗ್ಯಾಸ್ ಹೋಗದ ಅಲ್ಲಿಯ ಹಳ್ಳಿಗಳಲ್ಲಿ ಎಷ್ಟೋ ಜನ ಹಿತ್ತಿಲಲ್ಲಿ ಇಂಥದೇ ಟ್ಯಾಂಕ್ ಇಟ್ಟುಕೊಂಡು ಚಳಿಗಾಲವಿಡೀ ಮನೆಯನ್ನೇ ಬೆಚ್ಚಗಿಡಬೇಕು. ನಮಗೆ ಹತ್ತು ಬಕೆಟ್ ನೀರು, ಅವರಿಗೆ ಇಡೀ ಮನೆ. ಟ್ಯಾಂಕ್ ಕಂಪನಿಯದೇ ಆದ್ದರಿಂದ ಅಲ್ಲಿಯೂ ಜನ ಕಂಪನಿ ಬದಲಿಸಲಾಗದೆ ಸಿಕ್ಕಿಕೊಂಡಿದ್ದರು. ಅಲ್ಲಿಯ ಸ್ಪರ್ಧಾ ಆಯೋಗ ಇದನ್ನು ತನಿಖೆ ಮಾಡಿ 2006ರಲ್ಲಿ ವರದಿ ಕೊಟ್ಟಿತು. ಆಮೇಲೆ ಬಂದ ಆದೇಶದಂತೆ ಒಂದೇ ಕಂಪನಿಗೆ ಕಟ್ಟಿಹಾಕುವ ಕರಾರು ಎರಡು ವರ್ಷ ಮೀರುವಂತಿಲ್ಲ, ಗಿರಾಕಿ ಕಂಪನಿ ಬದಲಿಸಿದರೆ ಟ್ಯಾಂಕನ್ನು ಹೊಸ ಕಂಪನಿ ವಹಿಸಿಕೊಳ್ಳಬಹುದು. ಒಂದೇ ಟ್ಯಾಂಕಿನಿಂದ ಮೀಟರ್ ಹಾಕಿ ಹಲವು ಮನೆಗೆ ಕೊಡುವ ಬಡಾವಣೆಗಳಿಗೂ ಬೇರೆ ಆದೇಶ ಬಂತು. ನಮ್ಮ ಹತ್ತು ವರ್ಷದ ಕಾಗದ ಅವಳಿಗೆ ಓದಿ ಹೇಳಿದಾಗ ಅವಳು ನಕ್ಕದ್ದು ಫೋನಿನಲ್ಲಿ ನನಗೂ ಕೇಳಿಸಿತು.

ಬೆಳಗಾವಿಯ ಕೆಲವು ಬಡಾವಣೆಗಳಿಗೆ ಈಗ ನೈಸರ್ಗಿಕ ಅನಿಲದ ಕೊಳವೆಯೂ ಬಂದಿದೆ. ಅದೂ ಘನ ಮೀಟರಿನಲ್ಲೇ ಬಿಲ್ಲಾಗುತ್ತದೆ, ಆದರೆ ಅದು ಬೇರೆಯೇ ಸರಕು. ಎಲ್‌ಪಿಜಿಯ ಒಂದು ಘನ ಮೀಟರಿನಲ್ಲಿ ಅದರ ಸುಮಾರು ಎರಡೂವರೆಯಿಂದ ಮೂರು ಪಟ್ಟು ಕಾವು ಇರುತ್ತದೆ. ಗೆಳೆಯನ ಬಿಲ್ಲನ್ನು ನಿಮ್ಮದರ ಪಕ್ಕ ಇಟ್ಟು ಎದೆ ಒಡೆದುಕೊಳ್ಳಬೇಡಿ.

ದುಡ್ಡಿನ ಮಾತಲ್ಲದ ಒಂದು ಸಂಗತಿ. ನಮ್ಮ ಬಿಲ್ಡರ್ ಮೂರು ಮನೆಗಳಲ್ಲಿ ಗ್ಯಾಸ್ ಗೀಸರನ್ನು ಬಚ್ಚಲಮನೆಯ ಒಳಗೇ ಕೂರಿಸಿದ್ದ. ಗ್ಯಾಸ್ ಸೋರಿದರೆ ಅದಕ್ಕೆ ಬೆರೆಸಿದ ಕೆಟ್ಟ ವಾಸನೆಯಿಂದ ಗೊತ್ತಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಉರಿ ಸರಿಯಾಗಿ ಉರಿಯದೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಕುಸಿಯುತ್ತಾರೆ. ಆ ಮೂರನ್ನೂ ಅದೇ ವಾರ ಬಾಲ್ಕನಿಗೆ ಹಾಕಿಸಿದೆವು. ನಿಮ್ಮದು ಒಳಗಿದ್ದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು ಮೊದಲು ಅದನ್ನು ತೆಗೆಸಿ.

ಮೇ ತಿಂಗಳ ಬಿಲ್ಲು ಬಂದಾಗ ಯಾವ ಪತ್ರವೂ ಇಲ್ಲದೆ ಗುಣಕದ ಜಾಗದಲ್ಲಿ 2.1 ಇತ್ತು. ದರದ ಜಾಗದಲ್ಲಿ 117. ಲೆಕ್ಕ ಹಾಕಿದರೆ ಘನ ಮೀಟರಿಗೆ 281 ಇದ್ದದ್ದು 246ಕ್ಕೆ ಇಳಿದಿದೆ, ಅಷ್ಟಾದರೂ ದಕ್ಕಿತು. ಹಳೆಯ ಹಣದ ಬಗ್ಗೆ ಉತ್ತರವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಬರೆಸಿದ್ದೇವೆ; ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡುವ ಅರ್ಜಿಯನ್ನು ಮಾಸ್ತರರು ಬರೆಯುತ್ತಿದ್ದಾರೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಅರ್ಜಿಯ ಜೊತೆ ಇಡಲು ಹಳದಿ ಚಲನುಗಳನ್ನು ಕೇಳಿದಾಗ ಕಾಕಾ ಡಬ್ಬಿ ಬಿಟ್ಟುಕೊಡಲಿಲ್ಲ. ಜೆರಾಕ್ಸ್ ಅಂಗಡಿಗೆ ತಾವೇ ಜೊತೆಗೆ ಬಂದು, ಪ್ರತಿ ತೆಗೆಯುವವರೆಗೆ ನಿಂತು, ಐದನ್ನೂ ಎಣಿಸಿ ಮತ್ತೆ ಡಬ್ಬಿಗೆ ಹಾಕಿಕೊಂಡರು.