ಆರು ಮಳೆಗಾಲ ಕಂಡ ಇಂಟರ್‌ಲಾಕ್ ದಾರಿ

ನಮ್ಮ ಮನೆ ಪುತ್ತೂರಿನ ಹತ್ತಿರ, ಗುಡ್ಡದ ಮಗ್ಗುಲಲ್ಲಿದೆ. ರಸ್ತೆ ಮೇಲೆ, ಮನೆ ಕೆಳಗೆ. ಗೇಟಿನಿಂದ ಅಂಗಳಕ್ಕೆ ತೊಂಬತ್ತು ಅಡಿ ದೂರ. ಅಷ್ಟರಲ್ಲಿ ಎಂಟು ಅಡಿ ಇಳಿಯಬೇಕು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಚೂರು ಹಾಕಿದ್ದ ಮಣ್ಣಿನ ದಾರಿ ಪ್ರತಿ ಜೂನ್‌ನಲ್ಲಿ ಕೊಚ್ಚಿ ಹೋಗಿ ಅಂಗಳದಲ್ಲಿ ಬಂದು ಬೀಳುತ್ತಿತ್ತು. 2019ರ ಡಿಸೆಂಬರ್‌ನಲ್ಲಿ ಹನ್ನೆರಡು ಅಡಿ ಅಗಲಕ್ಕೆ ಇಂಟರ್‌ಲಾಕ್ ಹಾಕಿಸಿದೆವು. 80 ಮಿಲಿಮೀಟರ್ ದಪ್ಪದ, ಒಂದಕ್ಕೊಂದು ಸಿಕ್ಕಿಕೊಂಡು ಕೂರುವ ಅಂಕುಡೊಂಕು ಅಂಚಿನ ಬೂದು ಕಾಂಕ್ರೀಟ್ ಬ್ಲಾಕುಗಳು, ಒಟ್ಟು ಸುಮಾರು ನಾಲ್ಕು ಸಾವಿರ. ಆರು ಮಳೆಗಾಲ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬ್ಲಾಕಿನ ಮಾತು. ಕಾರು, ಬೈಕು ಮಾತ್ರ ಓಡಾಡುವ ಮನೆಗೆ 60 ಮಿಲಿಮೀಟರ್ ಸಾಕು. ಭಾರತೀಯ ಮಾನಕ ಐಎಸ್ 15658 ಹಗುರ ಸಂಚಾರಕ್ಕೆ ಹೇಳುವುದೂ ಅಷ್ಟನ್ನೇ. ನಮ್ಮಲ್ಲಿಗೆ ಗೊಬ್ಬರದ ಲಾರಿ, ಅಡಿಕೆಯ ಪಿಕಪ್ ಬರುತ್ತವೆ ಎಂದು 80 ತೆಗೆದುಕೊಂಡೆವು. 2023ರಲ್ಲಿ ಕೊಟ್ಟಿಗೆ ಕಟ್ಟುವಾಗ ಮುರಕಲ್ಲು ತುಂಬಿದ ಟಿಪ್ಪರ್ ಹನ್ನೊಂದು ಸಲ ಇಳಿದು ಹತ್ತಿತು. ಒಡೆದದ್ದು ಎರಡೇ ಬ್ಲಾಕು. ಮೆಟ್ಟಿಲ ಬಳಿ ಚೆಂದಕ್ಕೆಂದು ಹಾಕಿದ ಕೆಂಪು ಬ್ಲಾಕುಗಳ ಬಣ್ಣ ಮಾತ್ರ ಮೂರನೆಯ ವರ್ಷಕ್ಕೆ ಮಾಸಿತು. ಬಣ್ಣಕ್ಕೆ ಹೆಚ್ಚು ಹಣ ಕೊಡಬೇಡಿ.

ನಮಗೆ ತೊಂದರೆ ಬಂದದ್ದು ಬ್ಲಾಕಿನ ಕೆಳಗಿನಿಂದ. 2021ರ ಜುಲೈನಲ್ಲಿ ಕಾರಿನ ಚಕ್ರ ಹಾಯುವ ಎರಡು ಗೆರೆಗಳೂ ಕುಸಿಯತೊಡಗಿದವು. ತೋಟದ ಕಡೆಯ ಅಂಚಿನ ಬ್ಲಾಕುಗಳು ಒಂದೊಂದಾಗಿ ಹೊರಕ್ಕೆ ಜರುಗಿ, ನಡುವೆ ಬೆರಳು ತೂರುವಷ್ಟು ಬಿರುಕು ಬಿಟ್ಟವು. ಒಂದು ಮಧ್ಯಾಹ್ನ ಮಳೆ ಹೊಳವಾದಾಗ ಹಾರೆಯ ತುದಿಯಿಂದ ಒಂದು ಬ್ಲಾಕನ್ನು ಎಬ್ಬಿಸಿ ನೋಡಿದೆ. ಅಡಿಯಲ್ಲಿ ಇರಬೇಕಾದ ಜಲ್ಲಿಪುಡಿ ಇರಲಿಲ್ಲ. ಅಂಗೈ ಒಳಗೆ ಹೋಗುವಷ್ಟು ಪೊಳ್ಳು. ಅದರ ತಳದಲ್ಲಿ ಕೆಂಪು ನೀರು ಸದ್ದಿಲ್ಲದೆ ಇಳಿಜಾರಿಗೆ ಹರಿಯುತ್ತಿತ್ತು. ಪಕ್ಕದ ಬ್ಲಾಕು ನೆರೆಯವುಗಳ ಹಿಡಿತದಲ್ಲಷ್ಟೇ ನಿಂತಿತ್ತು.

ಗುತ್ತಿಗೆದಾರರು ಮಣ್ಣನ್ನು ಜೆಸಿಬಿಯ ಬಕೆಟ್‌ನಿಂದ ತಟ್ಟಿ, ಅದರ ಮೇಲೆ ನೇರವಾಗಿ ನಾಲ್ಕು ಇಂಚು ಜಲ್ಲಿಪುಡಿ ಹರಡಿ ಬ್ಲಾಕು ಜೋಡಿಸಿದ್ದರು. ದಪ್ಪ ಜಲ್ಲಿಯ ಪದರವಿಲ್ಲ, ರೋಲರ್ ಬರಲಿಲ್ಲ, ಅಂಚಿಗೆ ಕಾಂಕ್ರೀಟ್ ಕಟ್ಟೆಯಿಲ್ಲ. ಭಾರ ಹೊರುವ ಕೆಲಸ ಗಟ್ಟಿಸಿದ ಜಲ್ಲಿಯದು. ಪುಡಿ ಇರುವುದು ಬ್ಲಾಕನ್ನು ಸಮವಾಗಿ ಕೂರಿಸಲು. ಅದು ಒಂದೂವರೆ ಇಂಚು ಮೀರಬಾರದು. ಇದು ನನಗೆ ಆಮೇಲೆ ತಿಳಿಯಿತು. ಕರೆ ಮಾಡಿದಾಗ ಅವರು ಮಳೆಯ ಮೇಲೆ ಹೊಣೆ ಹೊರಿಸಿದರು. ಕರಾವಳಿಯಲ್ಲಿ ಮಳೆ ಸುರಿಯುತ್ತದೆ ಎಂಬುದು ಕೆಲಸ ಹಿಡಿಯುವಾಗಲೇ ಗೊತ್ತಿರುವ ಸಂಗತಿ. ಈ ಮಾತಿಗೆ ಇವತ್ತಿಗೂ ನನ್ನ ಸಿಟ್ಟು ಇಳಿದಿಲ್ಲ.

2022ರ ಜನವರಿಯಲ್ಲಿ ಬೇರೊಬ್ಬ ಮೇಸ್ತ್ರಿಯನ್ನು ಕರೆಸಿದೆವು. ಅವರು ಮೊದಲ ದಿನ ಬ್ಲಾಕು ಮುಟ್ಟಲಿಲ್ಲ. ಗೇಟಿನ ಬಳಿ ನಾಲ್ಕು ಕೊಡ ನೀರು ಸುರಿಯಲು ಹೇಳಿ, ಅದು ಎತ್ತ ಹೋಗುತ್ತದೆ ಎಂದು ನೋಡುತ್ತಾ ನಿಂತರು. ರಸ್ತೆಯ ನೀರೇ ನಮ್ಮ ದಾರಿಗೆ ನುಗ್ಗುತ್ತಿತ್ತು. ಅದಕ್ಕೆ ಗೇಟಿನ ಅಡಿಯಲ್ಲಿ ಅಡ್ಡಕ್ಕೆ ಒಂದು ಅಡಿ ಅಗಲದ ಚರಂಡಿ ತೋಡಿ, ಮೇಲೆ ಕಬ್ಬಿಣದ ಜಾಲರಿ ಕೂರಿಸಿ, ನೀರನ್ನು ತೋಟದ ಕಣಿಗೆ (ಕಾಲುವೆಗೆ) ತಿರುಗಿಸಿದರು. ದಾರಿಗೆ ಒಂದು ಬದಿಗೆ ನೂರಕ್ಕೆ ಎರಡರಷ್ಟು ಓರೆ ಕೊಟ್ಟರು. ಆರು ಇಂಚು ಜಲ್ಲಿಯನ್ನು ಎರಡು ಪದರವಾಗಿ ರೋಲರ್ ಹಾಯಿಸಿ ಗಟ್ಟಿ ಮಾಡಿ, ಎರಡೂ ಅಂಚಿಗೆ ಕಾಂಕ್ರೀಟ್ ಹಾಕಿ, ಇಳಿಜಾರಿನಲ್ಲಿ ಬ್ಲಾಕುಗಳು ಕೆಳಕ್ಕೆ ಜರುಗದಂತೆ ಪ್ರತಿ ಮೂವತ್ತು ಅಡಿಗೆ ಒಂದು ಅಡ್ಡ ಬೀಮ್ ಕೊಟ್ಟರು. ಅದೇ ಹಳೆಯ ಬ್ಲಾಕುಗಳನ್ನೇ ಮತ್ತೆ ಜೋಡಿಸಿದರು. ಮೊದಲ ಸಲ ಚದರ ಅಡಿಗೆ 68 ರೂಪಾಯಿ ಕೊಟ್ಟಿದ್ದೆವು. ಈ ಸಲ ಬ್ಲಾಕಿನ ಖರ್ಚಿಲ್ಲದೆಯೂ 74 ಬಿತ್ತು. ಆಮೇಲಿನ ನಾಲ್ಕು ಮಳೆಗಾಲದಲ್ಲಿ ಒಂದು ಬ್ಲಾಕೂ ಕದಲಿಲ್ಲ.

ಇಂಟರ್‌ಲಾಕ್ ಬದಲು ಇಡೀ ದಾರಿಗೆ ಕಾಂಕ್ರೀಟ್ ಹಾಕಿಸಿದ್ದರೆ ಈ ರಿಪೇರಿಗೆ ಎಲ್ಲವನ್ನೂ ಒಡೆದು ಎಸೆಯಬೇಕಿತ್ತು. ಕಳೆದ ವರ್ಷ ದಾರಿಯಡಿಯ ಸ್ಪ್ರಿಂಕ್ಲರ್ ಪೈಪು ಒಡೆದಾಗಲೂ ಮೂವತ್ತು ಬ್ಲಾಕು ಕಿತ್ತು, ಸರಿಪಡಿಸಿ, ಸಂಜೆಯೊಳಗೆ ಮುಚ್ಚಿದೆವು. ಇಂಟರ್‌ಲಾಕನ್ನು ನಾನು ಮನಸಾರೆ ಮೆಚ್ಚುವುದು ಈ ಕಾರಣಕ್ಕೆ.

ಬಗೆಹರಿಯದೆ ಉಳಿದದ್ದು ಪಾಚಿ. ಹಲಸಿನ ಮರದ ನೆರಳು ಬೀಳುವ ಇಪ್ಪತ್ತು ಅಡಿ ಆಗಸ್ಟ್ ಹೊತ್ತಿಗೆ ಹಸಿರಾಗುತ್ತದೆ. 2020ರಲ್ಲಿ ಅಮ್ಮ ಅಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರ್. ಪ್ರೆಷರ್ ವಾಷರ್ ಬಾಡಿಗೆಗೆ ತಂದು ತೊಳೆದರೆ ಪಾಚಿಯ ಜೊತೆ ಸಂದಿನ ಮರಳೂ ಎದ್ದು ಹೋಯಿತು. ಬ್ಲೀಚಿಂಗ್ ಪುಡಿ ಕೆಲಸ ಮಾಡುತ್ತದೆ, ಆದರೆ ನೀರು ಇಳಿಯುವುದು ತೋಟಕ್ಕೆ, ಅದರಾಚೆ ಬಾವಿಗೆ. ಹಾಗಾಗಿ ಅದನ್ನು ಬಿಟ್ಟೆವು. ಈಗ ಹದಿನೈದು ದಿನಕ್ಕೊಮ್ಮೆ ಗಟ್ಟಿ ಹಿಡಿಸೂಡಿಯಿಂದ ಉಜ್ಜುತ್ತೇವೆ. ಅಮ್ಮನಿಗಾಗಿ ಒಂದು ಬದಿಯಲ್ಲಿ ಮೂರು ಅಡಿ ಅಗಲಕ್ಕೆ ಒರಟು ಮೈಯ ಬ್ಲಾಕು ಹಾಕಿಸಿ, ಹಿಡಿದುಕೊಳ್ಳಲು ಪೈಪಿನ ಕಂಬಿ ನಿಲ್ಲಿಸಿದ್ದೇವೆ.

ಈ ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಸಂದುಗಳಿಗೆ ಒಣ ಮರಳು ಗುಡಿಸಿ ತುಂಬಿದೆವು. ಇಡೀ ದಾರಿಗೆ ಎರಡೇ ಚೀಲ ಸಾಕಾಯಿತು. 2021ರಲ್ಲಿ ಒಂಬತ್ತು ಚೀಲ ಸುರಿದರೂ ತುಂಬಿರಲಿಲ್ಲ.