ಮಿಟುಟೊಯೊ ಎಸ್‌ಜೆ-210: ಅಂಕಿಯ ಜೊತೆಗೆ ರೇಖೆಯನ್ನೂ ಓದಬೇಕಾದ ಉಪಕರಣ

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಮಷೀನ್ ಶಾಪ್‌ಗಳಲ್ಲಿ ಫಿನಿಶ್ (ಮೇಲ್ಮೈಯ ನಯ) ನೋಡುವುದೆಂದರೆ ಇಂದಿಗೂ ಹಲವೆಡೆ ಮಾದರಿ ಪ್ಲೇಟನ್ನು ಜಾಬ್ (ತಯಾರಾಗುತ್ತಿರುವ ಬಿಡಿಭಾಗ) ಪಕ್ಕದಲ್ಲಿಟ್ಟು, ಎರಡರ ಮೇಲೂ ಉಗುರು ಆಡಿಸಿ ಹೋಲಿಸುವುದೇ ಆಗಿದೆ. 3.2 ಮೈಕ್ರಾನ್ ಒರಟುತನಕ್ಕೂ 0.8 ಮೈಕ್ರಾನ್‌ಗೂ ಇರುವ ವ್ಯತ್ಯಾಸವನ್ನು ಪಳಗಿದ ಬೆರಳು ಗುರುತಿಸುತ್ತದೆ. ಆದರೆ ಡ್ರಾಯಿಂಗ್‌ನಲ್ಲಿ ಆರ್‌ಎ (ಮೇಲ್ಮೈಯ ಏರಿಳಿತದ ಸರಾಸರಿ, ಮೈಕ್ರಾನ್‌ನಲ್ಲಿ) 0.4 ಎಂದಿದ್ದು, ಗ್ರಾಹಕರು ಅಳತೆಯ ರಿಪೋರ್ಟ್ ಕೇಳಿದಾಗ ಬೆರಳಿನ ಸಾಕ್ಷ್ಯ ಸಾಲುವುದಿಲ್ಲ. ಅಂಥ ಶಾಪ್‌ಗಳಿಗೆ ಒಪ್ಪುವ ಕೈ ಉಪಕರಣವೆಂದರೆ ಮಿಟುಟೊಯೊ ಕಂಪನಿಯ ಸರ್ಫ್‌ಟೆಸ್ಟ್ ಎಸ್‌ಜೆ-210.

ಸುಮಾರು ಅರ್ಧ ಕಿಲೋ ತೂಗುವ ಈ ಉಪಕರಣದ ತುದಿಯಲ್ಲಿ ವಜ್ರದ ಸ್ಟೈಲಸ್ (ಸೂಜಿಯಂಥ ಮೊನೆ) ಇದ್ದು, ಅದು ಮೇಲ್ಮೈಯನ್ನು ತಾಗಿಕೊಂಡು ನಿಧಾನವಾಗಿ ಸರಿಯುತ್ತಾ ಏರಿಳಿತಗಳನ್ನು ದಾಖಲಿಸುತ್ತದೆ. ಡ್ರೈವ್ ಭಾಗವನ್ನು ಬಿಡಿಸಿ ಕೇಬಲ್ ಮೂಲಕ ಜೋಡಿಸಿಕೊಳ್ಳಬಹುದಾದ್ದರಿಂದ, ಭಾರವಾದ ಶಾಫ್ಟನ್ನು ಚಕ್‌ನಿಂದ ಇಳಿಸದೆ, ಲೇತ್ ನಿಲ್ಲಿಸಿ ಅಲ್ಲೇ ಅಳೆಯಲು ಸಾಧ್ಯ. ಫಿನಿಶ್ ಬಂದಿಲ್ಲವೆಂದು ತಿಳಿದರೆ, ಸೆಟ್ಟಿಂಗ್ ಕೆಡದಿರುವಾಗಲೇ ಇನ್ನೊಂದು ಕಟ್ ಕೊಡಬಹುದು. ಈ ಒಂದು ಅನುಕೂಲಕ್ಕಾಗಿಯೇ ಇದನ್ನು ಇನ್‌ಸ್ಪೆಕ್ಷನ್ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಬಾರದು ಎಂದು ನನ್ನ ಅಭಿಪ್ರಾಯ.

ಆದರೆ ಇದರ ನಿಜವಾದ ಬೆಲೆ ಇರುವುದು 2.4 ಇಂಚಿನ ಬಣ್ಣದ ಪರದೆಯಲ್ಲಿ ಮೂಡುವ ಪ್ರೊಫೈಲ್ ರೇಖೆಯಲ್ಲಿ. ಬಹಳಷ್ಟು ಮಂದಿ ಆರ್‌ಎ ಅಂಕಿಯನ್ನು ಬರೆದುಕೊಂಡು ಉಪಕರಣವನ್ನು ಪೆಟ್ಟಿಗೆಗೆ ಸೇರಿಸಿಬಿಡುತ್ತಾರೆ. 0.8 ಮಿ.ಮೀ. ನೋಸ್ ರೇಡಿಯಸ್ (ತುದಿಯ ದುಂಡು) ಇರುವ ಇನ್ಸರ್ಟ್‌ನಿಂದ (ಟೂಲ್‌ನ ಕತ್ತರಿಸುವ ಬಿಲ್ಲೆ), ಜಾಬ್‌ನ ಪ್ರತಿ ಸುತ್ತಿಗೂ ಟೂಲ್ 0.2 ಮಿ.ಮೀ. ಸರಿಯುವ ಫೀಡ್‌ನಲ್ಲಿ ಟರ್ನಿಂಗ್ ಮಾಡಿದ ಜಾಬನ್ನು ತೆಗೆದುಕೊಳ್ಳೋಣ. ಫೀಡ್‌ನ ವರ್ಗವನ್ನು ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸಿದರೆ ಶಿಖರದಿಂದ ಕಣಿವೆಗೆ 6.25 ಮೈಕ್ರಾನ್ ಎತ್ತರ ಬರುತ್ತದೆ. ಅದಕ್ಕೆ ಹೊಂದುವ ಆರ್‌ಎ ಸುಮಾರು 1.6. ಪರದೆಯಲ್ಲಿ ಶಿಖರಗಳು 0.2 ಮಿ.ಮೀ. ಅಂತರದಲ್ಲಿ ಸಾಲಾಗಿ ನಿಂತಿದ್ದರೆ ಟೂಲ್ ತನ್ನ ಕೆಲಸವನ್ನು ಸರಿಯಾಗಿ ಮಾಡಿದೆ. ಫಿನಿಶ್ ಇನ್ನೂ ನಯವಾಗಬೇಕಿದ್ದರೆ ಫೀಡ್ ಇಳಿಸಬೇಕು, ಅರ್ಧಕ್ಕಿಳಿಸಿದರೆ ಎತ್ತರ ಲೆಕ್ಕದ ಪ್ರಕಾರ ಕಾಲು ಭಾಗಕ್ಕೆ ಬರುತ್ತದೆ. ಅದೇ ಆರ್‌ಎ ಹೆಚ್ಚಾಗಿದ್ದು ರೇಖೆ ಅಡ್ಡಾದಿಡ್ಡಿಯಾಗಿ ಹರಿದಂತೆ ಕಂಡರೆ, ಫೀಡ್ ಇಳಿಸಿ ಪ್ರಯೋಜನವಿಲ್ಲ. ಸವೆದ ಇನ್ಸರ್ಟ್, ಅದರ ಅಂಚಿಗೆ ಮೆತ್ತಿಕೊಂಡ ಲೋಹ ಅಥವಾ ಜಾಬ್‌ನ ನಡುಕ, ಇವುಗಳಲ್ಲಿ ಯಾವುದೆಂದು ಮೊದಲು ಹುಡುಕಬೇಕು. ಅಂಕಿ ಎರಡೂ ಸಂದರ್ಭದಲ್ಲಿ ಒಂದೇ ಇರಬಹುದು, ಪರಿಹಾರ ಬೇರೆ.

ಆರ್‌ಎ ಸರಾಸರಿಯಾದ್ದರಿಂದ ಒಂಟಿಯಾದ ಆಳದ ಗೀರು ಅದರಲ್ಲಿ ಕರಗಿಹೋಗುತ್ತದೆ. ಆಯಿಲ್ ಸೀಲ್ ಕೂರುವ ಶಾಫ್ಟ್‌ನಲ್ಲಿ ಎಣ್ಣೆ ಸೋರಲು ಆ ಒಂದು ಗೀರೇ ಸಾಕು. ಆದ್ದರಿಂದ ಅಂಥ ಜಾಗದಲ್ಲಿ ಶಿಖರದಿಂದ ಕಣಿವೆಗಿರುವ ಎತ್ತರವನ್ನು ಹೇಳುವ ಆರ್‌ಜೆಡ್ ಅನ್ನೂ ಕಡ್ಡಾಯವಾಗಿ ನೋಡಬೇಕು. ಎರಡನ್ನೂ ಈ ಉಪಕರಣ ಒಂದೇ ಓಟದಲ್ಲಿ ಲೆಕ್ಕ ಹಾಕುತ್ತದೆ.

ಅಳತೆಗೆ ಮುನ್ನ ಕಟ್‌ಆಫ್, ಅಂದರೆ ಒರಟುತನವನ್ನು ದೊಡ್ಡ ಅಲೆಯಿಂದ ಬೇರ್ಪಡಿಸುವ ಉದ್ದದ ಗಡಿ, ಇದರ ಆಯ್ಕೆಯ ಬಗ್ಗೆ ಎಚ್ಚರ ಬೇಕು. ಮೇಲಿನ ಟರ್ನಿಂಗ್ ಜಾಬ್‌ಗೆ 0.8 ಮಿ.ಮೀ. ಕಟ್‌ಆಫ್ ಮತ್ತು ಐದು ತುಂಡುಗಳಂತೆ 4 ಮಿ.ಮೀ. ಉದ್ದ ಸರಿಯಾದದ್ದು. ಹಿಂದಿನ ಜಾಬ್‌ಗೆ ಇಟ್ಟಿದ್ದ 0.25 ಹಾಗೇ ಉಳಿದಿದ್ದರೆ ಟೂಲ್ ಗುರುತಿನ ಒಂದು ಪಾಲನ್ನು ಫಿಲ್ಟರ್ ಅಲೆಯೆಂದು ತೆಗೆದುಹಾಕಿ, ಇರುವುದಕ್ಕಿಂತ ನಯವಾದ ಅಂಕಿ ತೋರಿಸುತ್ತದೆ. ತಿರಸ್ಕರಿಸಬೇಕಾದ ಜಾಬ್ ಪಾಸಾಗುತ್ತದೆ. ಸ್ಟೈಲಸ್ ಯಾವಾಗಲೂ ಟೂಲ್ ಗುರುತಿಗೆ ಅಡ್ಡಲಾಗಿ ಚಲಿಸಬೇಕೆಂಬುದನ್ನೂ ಆಪರೇಟರ್‌ಗಳಿಗೆ ಕಲಿಸಿಕೊಡಬೇಕು.

ಇತಿಮಿತಿಯನ್ನೂ ಹೇಳಬೇಕು. ಡಿಟೆಕ್ಟರ್‌ನ (ಸ್ಟೈಲಸ್ ಇರುವ ಭಾಗ) ಸ್ಕಿಡ್ ಎಂಬ ಆಧಾರದ ಪಾದ ಮೇಲ್ಮೈಯ ಮೇಲೆಯೇ ಒರಗಿ ಸಾಗುವುದರಿಂದ ದೊಡ್ಡ ಅಲೆಗಳನ್ನು ಅದೂ ಏರಿ ಇಳಿಯುತ್ತದೆ. ಹಾಗಾಗಿ ಅಲೆಯನ್ನೋ ಆಕಾರವನ್ನೋ ನಂಬಿಕೆಯಿಂದ ಅಳೆಯಲು ಇದು ತಕ್ಕದ್ದಲ್ಲ, ಸ್ಕಿಡ್ ಇಲ್ಲದೆಯೂ ಅಳೆಯಬಲ್ಲ ಎಸ್‌ಜೆ-410 ಸರಣಿಯಂಥದ್ದು ಬೇಕಾಗುತ್ತದೆ. ಕಿರಿದಾದ ಗ್ರೂವ್ (ತೋಡು) ಮತ್ತು ಸಣ್ಣ ರಂಧ್ರಗಳಿಗೆ ಪ್ರತ್ಯೇಕ ಡಿಟೆಕ್ಟರ್ ಕೊಳ್ಳದೆ ವಿಧಿಯಿಲ್ಲ.

ಕೊಳ್ಳುವಾಗ ಸ್ಟೈಲಸ್‌ನ ಆಯ್ಕೆ ಇದೆ: 2 ಮೈಕ್ರಾನ್ ತುದಿ, 0.75 ಮಿಲಿನ್ಯೂಟನ್ ಬಲ. ಇಲ್ಲವೇ 5 ಮೈಕ್ರಾನ್ ತುದಿ, 4 ಮಿಲಿನ್ಯೂಟನ್ ಬಲ. ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಕೆಲಸ ಹೆಚ್ಚಿರುವವರು, ನಯವಾದ ಗ್ರೈಂಡಿಂಗ್ ಮೇಲ್ಮೈ ಅಳೆಯುವವರು ಮೊದಲನೆಯದನ್ನೇ ಕೇಳಿ ಪಡೆಯುವುದು ಒಳ್ಳೆಯದು. ಜೊತೆಗೆ ಬರುವ ಮಾದರಿ ತುಂಡಿನ ಮೇಲೆ ಪ್ರತಿ ಪಾಳಿಯ ಆರಂಭದಲ್ಲಿ ಒಮ್ಮೆ ಅಳೆದು, ಅದರ ಮೇಲೆ ಬರೆದಿರುವ ಆರ್‌ಎ ಅಂಕಿಯೊಡನೆ ಹೋಲಿಸಿ ರಿಜಿಸ್ಟರ್‌ನಲ್ಲಿ ದಾಖಲಿಸಬೇಕು. ಆ ತುಂಡಿನ ಒಂದೇ ಜಾಗದಲ್ಲಿ ಸ್ಟೈಲಸ್ ಮತ್ತೆ ಮತ್ತೆ ಓಡಿದರೆ ಅದೂ ಸವೆಯುವುದರಿಂದ, ಪ್ರತಿ ಸಲ ಸ್ವಲ್ಪ ಸರಿಸಿ ಅಳೆಯಬೇಕು.