ತೇಗದ ಮಾಡ್ಯುಲರ್ ಸೋಫಾ: ತಾರಸಿಯಲ್ಲಿ ಮೂರು ಮಳೆಗಾಲದ ನಂತರ

ಬೆಂಗಳೂರಿನಲ್ಲಿ, ಮೇಲೆ ಶೀಟೂ ಇಲ್ಲದ ತಾರಸಿಯಲ್ಲಿ ಮೂರು ಮಳೆಗಾಲ ಕಳೆದ ಸೆಟ್ ಇದು. ಎರಡು ಮೂಲೆ ಪೀಸು, ಬರೀ ಬೆನ್ನಿರುವ ಎರಡು ನಡುವಿನ ಪೀಸು, ಕಾಲು ಚಾಚಲು ಒಂದು ಸ್ಟೂಲು. ಒಂದೊಂದೂ ಸುಮಾರು 75 ಸೆಂ.ಮೀ. ಚೌಕ. ಮೊದಲೇ ಹೇಳಿಬಿಡುತ್ತೇನೆ: ಮರ ಕೈಕೊಟ್ಟಿಲ್ಲ. ಕೈಕೊಟ್ಟಿದ್ದು ಅಂಟು, ಕಾಲಿನ ತುದಿ ಮತ್ತು ಕುಶನ್.

ಏಳೆಂಟು ತಿಂಗಳಲ್ಲಿ ಜೇನುಬಣ್ಣ ಹೋಗಿ ಬೂದುಬಣ್ಣ ಬಂತು. ಅದಕ್ಕೆ ಗಾಬರಿ ಬೇಡ. ಬಿಸಿಲಿಗೆ ಮೇಲ್ಪದರದ ಲಿಗ್ನಿನ್ (ಮರದ ನಾರುಗಳನ್ನು ಹಿಡಿದಿಡುವ ಅಂಶ) ಒಡೆಯುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. 120 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಒಂದು ಮೂಲೆ ಉಜ್ಜಿ ನೋಡಿ, ಹಳೆಯ ಬಣ್ಣ ಕೆಳಗೆ ಹಾಗೇ ಇರುತ್ತದೆ. ಏಪ್ರಿಲ್ ಬಿಸಿಲಿಗೆ ಪಟ್ಟಿಗಳ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತವೆ, ಮಳೆ ಬಿದ್ದಾಗ ಮುಚ್ಚಿಕೊಳ್ಳುತ್ತವೆ. ಪುಟ್ಟಿ ತುಂಬಲು ಹೋಗಬೇಡಿ.

ಅಂಗಡಿಯವರು ಜೊತೆಗೆ ದಾಟಿಸುವ ‘ಟೀಕ್ ಆಯಿಲ್’ ತೇಗದ ಎಣ್ಣೆಯಲ್ಲ. ಹೆಚ್ಚಿನವು ಅಗಸೆ ಎಣ್ಣೆಗೋ ಟಂಗ್ ಎಣ್ಣೆಗೋ ಥಿನ್ನರ್ ಬೆರೆಸಿದವು. ಹಚ್ಚಿದ ದಿನ ಹೊಳೆಯುತ್ತದೆ. ಜುಲೈ ತೇವದಲ್ಲಿ ಅದೇ ಎಣ್ಣೆ ಬೂಷ್ಟಿಗೆ ಊಟ, ಮರವೆಲ್ಲ ಕಪ್ಪು ಚುಕ್ಕಿ. ಹಚ್ಚಲೇಬೇಕೆಂದಿದ್ದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಬಿಡಿಸಿ ಒಣಗಿಸಿ. ಅಗಸೆ ಎಣ್ಣೆ ಕುಡಿದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು.

ನಿಜವಾದ ತೊಂದರೆ ಶುರುವಾಗಿದ್ದು ಎರಡನೇ ಮಳೆಗಾಲದಲ್ಲಿ. ಒಂದು ಮೂಲೆ ಪೀಸಿನ ಬೆನ್ನಿನ ಕಂಬ ಕೂರುವ ಚೌಕಟ್ಟಿಗೆ ಸೇರುವ ಕಡೆ ಸಡಿಲವಾಯಿತು. ಬಿಚ್ಚಿ ನೋಡಿದರೆ ಅಂಟು ಮರಕ್ಕೆ ಹಿಡಿದೇ ಇರಲಿಲ್ಲ, ಗಾಜಿನ ಹಾಳೆಯ ಹಾಗೆ ಇಡಿಯಾಗಿ ಎದ್ದು ಬಂತು. ತೇಗದಲ್ಲಿ ಸಹಜವಾಗಿಯೇ ಎಣ್ಣೆಯಂಶ ಇರುತ್ತದೆ. ಅಂಟುವ ಮುಂಚೆ ಆ ಜಾಗವನ್ನು ಅಸಿಟೋನ್‌ನಲ್ಲಿ ಒರೆಸದಿದ್ದರೆ ಹೀಗೇ ಆಗುತ್ತದೆ. ಸರಿಪಡಿಸುವುದು ಕಷ್ಟವಲ್ಲ: ಹಳೆ ಅಂಟು ಕೆರೆದು ತೆಗೆಯಿರಿ, ಹೊಸ ಮರ ಕಾಣುವಷ್ಟು ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ಕೂಡಲೇ ಎಪಾಕ್ಸಿ (ಎರಡು ಭಾಗ ಬೆರೆಸಿ ಬಳಸುವ ಗಟ್ಟಿ ಅಂಟು) ಹಚ್ಚಿ, 24 ಗಂಟೆ ಕ್ಲಾಂಪ್ ಬಿಗಿದಿಡಿ. ಮಾರನೇ ದಿನಕ್ಕೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಕಾಲಿನ ಕಥೆ ಬೇರೆ. ಮರದ ಕಡಿದ ತುದಿ ಬತ್ತಿಯಂತೆ ನೀರು ಎಳೆಯುತ್ತದೆ. ಟೈಲ್ಸ್ ಮೇಲೆ ನಿಂತ ನೀರಿನಿಂದ ನಾಲ್ಕು ಕಾಲುಗಳಲ್ಲಿ ಎರಡು ಇಂಚು ಎತ್ತರಕ್ಕೆ ಕಪ್ಪು ಏರಿತ್ತು. ಬೇಸಿಗೆಯಲ್ಲಿ ಮರ ಪೂರ್ತಿ ಒಣಗಿದ ಮೇಲೆ ಪೀಸು ಮಗುಚಿ ಹಾಕಿ, ತುದಿಗೆ ತೆಳು ಎಪಾಕ್ಸಿ ಎರಡು ಸಲ ಕುಡಿಸಿ, ಎತ್ತರ ತಿರುಗಿಸಬಹುದಾದ ನೈಲಾನ್ ಪಾದ ಹಾಕಿದ್ದಾಯಿತು. ಈ ಪಾದಗಳು ಮೊದಲ ದಿನವೇ ಬೇಕಿತ್ತು. ತಾರಸಿಗೆ ನೀರು ಹರಿಯಲು ಇಳಿಜಾರು ಕೊಟ್ಟಿರುತ್ತಾರೆ, ಮಾಡ್ಯುಲರ್ ಪೀಸುಗಳು ಒಂದಕ್ಕೊಂದು ಮಟ್ಟವಾಗಿ ಕೂರುವುದಿಲ್ಲ; ಹಾಗೇ ಕ್ಲಿಪ್ ಹಾಕಿ ಎಳೆದು ಕೂರಿಸಿದರೆ ಆ ಎಳೆತವೆಲ್ಲ ಜೋಡಣೆಯ ಮೇಲೆ ಬೀಳುತ್ತದೆ. ಪೀಸುಗಳ ನಡುವೆ ಸಂದಿ 2–3 ಮಿ.ಮೀ. ಇದ್ದರೆ ಎಲೆ, ಧೂಳು ಸಿಕ್ಕಿಕೊಂಡು ನೀರು ಆರುವುದೇ ಇಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕ್ಲಿಪ್ ಬಿಚ್ಚಿ ನಾಲ್ಕು ಬೆರಳು ಅಂತರ ಬಿಡುವುದು ಒಳ್ಳೆಯದು.

ಸೆಟ್ ಜೊತೆ ಬಂದ ಕುಶನ್‌ಗಳಿಗೆ ಮಾತ್ರ ನಾನು ಸೊನ್ನೆ ಅಂಕ ಕೊಡುತ್ತೇನೆ. ಒಳಗೆ ಮನೆಯೊಳಗಿನ ಸೋಫಾಕ್ಕೆ ಹಾಕುವ ಮಾಮೂಲಿ ಫೋಮ್. ಒಮ್ಮೆ ನೆನೆದರೆ ಆರಲು ಮೂರು ದಿನ, ಆಮೇಲೆ ಒದ್ದೆ ನಾಯಿಯ ವಾಸನೆ. ಜಿಪ್ ತುಕ್ಕು ಹಿಡಿದು ಬಟ್ಟೆ ಕಲೆಯಾಯಿತು. ಈಗ ಇರುವುದು ದೊಡ್ಡ ರಂಧ್ರಗಳ ಕ್ವಿಕ್ ಡ್ರೈ ಫೋಮ್, ಅಡಿಯಲ್ಲಿ ಜಾಲರಿ ಬಟ್ಟೆ, ಪ್ಲಾಸ್ಟಿಕ್ ಜಿಪ್. ಮಳೆ ನಿಂತ ಮೇಲೆ ಜಿಪ್ ಕೆಳಗಾಗುವಂತೆ ಲಂಬವಾಗಿ ನಿಲ್ಲಿಸಿದರೆ ಅರ್ಧ ದಿನದೊಳಗೆ ಕೂರಬಹುದು. ಬಟ್ಟೆ ಕೊಳ್ಳುವಾಗ ನೂಲಾಗುವ ಮುಂಚೆಯೇ, ಎಳೆ ತಯಾರಿಸುವಾಗಲೇ ಬಣ್ಣ ಬೆರೆಸಿದ ಅಕ್ರಿಲಿಕ್ ಕೇಳಿ, ಮೇಲೆ ಬಣ್ಣ ಹಾಕಿದ ಪಾಲಿಯೆಸ್ಟರ್ ಎರಡನೇ ಬೇಸಿಗೆಗೇ ಬಿಳಚಿಕೊಂಡಿತು.

ತೊಳೆಯಲು ಅರ್ಧ ಬಕೆಟ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಬ್ರಷ್, ಮರದ ಎಳೆಯ ದಿಕ್ಕಿಗೇ ಉಜ್ಜುವುದು. ವರ್ಷಕ್ಕೆ ಎರಡು ಸಲ ಸಾಕು. ಕಾರು ತೊಳೆಯುವ ಪ್ರೆಶರ್ ವಾಷರ್ ಹಿಡಿದರೆ ಮೆದು ಎಳೆಗಳು ಕಿತ್ತು ಹೋಗಿ ಮೈಯೆಲ್ಲ ಗೀರುಗೀರಾಗುತ್ತದೆ. ಸ್ಟೀಲ್ ವುಲ್ (ಉಕ್ಕಿನ ನಾರು) ಅಂತೂ ಮುಟ್ಟಲೇಬೇಡಿ, ಸಿಕ್ಕಿಕೊಂಡ ಚೂರುಗಳು ತುಕ್ಕು ಹಿಡಿದು ಕಪ್ಪು ಕಲೆ ಬಿಡುತ್ತವೆ. ಆ ಕಲೆಗೆ ಮದ್ದು ಆಕ್ಸಾಲಿಕ್ ಆಮ್ಲ: ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ, ಹಚ್ಚಿ 15 ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು. ಅದು ವಿಷ, ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ.

ಕೊಳ್ಳುವವರು ‘ಬರ್ಮಾ ಟೀಕ್’ ಎಂಬ ಮಾತಿಗೆ ಮರುಳಾಗಬೇಡಿ. ಮ್ಯಾನ್ಮಾರ್ 2014ರಲ್ಲೇ ದಿಮ್ಮಿಗಳ ರಫ್ತು ನಿಲ್ಲಿಸಿದೆ. ಘಾನಾ, ಈಕ್ವೆಡಾರ್ ಕಡೆಯ ನೆಡುತೋಪಿನ ತೇಗವೂ ಇಲ್ಲಿಗೆ ಬರುತ್ತದೆ. ಎಳೆ ಮರದಲ್ಲಿ ಕೆಚ್ಚು (ಒಳಗಿನ ಗಟ್ಟಿ ತಿರುಳು) ಕಡಿಮೆ, ಸಿಪ್ಪೆ ಕಡೆಯ ಬಿಳಿ ಭಾಗ ಹೆಚ್ಚು. ಈ ಸೆಟ್‌ನಲ್ಲೂ ಕೂರುವ ಒಂದು ಪಟ್ಟಿಗೆ ಅಂಥ ಬಿಳಿ ಅಂಚಿತ್ತು. ಕುಟ್ಟೆ ಹಿಡಿದು, ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಉದುರುತ್ತಿತ್ತು, ಪಟ್ಟಿಯನ್ನೇ ಬದಲಾಯಿಸಬೇಕಾಯಿತು. ಪಕ್ಕದ ಕೆಚ್ಚಿನ ಪಟ್ಟಿಗಳಿಗೆ ಏನೂ ಆಗಿಲ್ಲ. ಹಾಗಾಗಿ ಅಂಗಡಿಯಲ್ಲಿ ಕುಶನ್ ಎತ್ತಿಸಿ, ಪೀಸು ಮಗುಚಿಸಿ, ಅಡಿಭಾಗ ನೋಡಿ. ಬಿಳಿ ಮರವನ್ನು ಬಚ್ಚಿಡುವುದು ಅಲ್ಲೇ. ಸ್ಕ್ರೂಗಳನ್ನೂ ಆಗಲೇ ವಿಚಾರಿಸಿ. ಬೆಂಗಳೂರಿಗೆ 304 ದರ್ಜೆಯ ಸ್ಟೇನ್‌ಲೆಸ್ ಸಾಕು, ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಗೆ 316 ಬೇಕು. ಎರಡನ್ನೂ ಕಣ್ಣಲ್ಲಿ ನೋಡಿ ಗುರುತಿಸಲಾಗದು, ಬಿಲ್ಲಿನಲ್ಲಿ ಬರೆಸಿಕೊಳ್ಳಿ.